ಕೆಎ ಪಾಸಿಂಗ್ ಗಾಡಿ ಪುಣೆಗೆ ತಂದಿದ್ದೀರಾ?

ವಾಕಡ್, ಹಿಂಜೆವಾಡಿ, ಕೋಥ್ರೂಡ್ ಕಡೆಯ ಅಪಾರ್ಟ್‌ಮೆಂಟುಗಳ ಪಾರ್ಕಿಂಗ್‌ನಲ್ಲಿ ಸುಮ್ನೆ ಒಂದು ಸುತ್ತು ಹಾಕಿ. ಕೆಎ 22, ಕೆಎ 25, ಕೆಎ 28 ಕಣ್ಣಿಗೆ ಬೀಳುತ್ತವೆ. ಬೆಳಗಾವಿ, ಧಾರವಾಡ, ವಿಜಯಪುರದಿಂದ ಕೆಲಸಕ್ಕೆ ಬಂದವರ ಗಾಡಿಗಳು. ಇವರೆಲ್ಲ ಕೇಳುವುದು ಒಂದೇ: ಊರಲ್ಲಿ ಲೈಫ್ ಟ್ಯಾಕ್ಸ್ ಕಟ್ಟಿ ಆಗಿದೆ, ಇಲ್ಲಿ ಮತ್ತೆ ಯಾಕೆ?

ನೋಂದಣಿ ನಡೆಯುವುದು ಕೇಂದ್ರದ 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ. ಆ ನೋಂದಣಿ ದೇಶವಿಡೀ ನಡೆಯುತ್ತದೆ. ತೆರಿಗೆ ಮಾತ್ರ ಆಯಾ ರಾಜ್ಯದ್ದು. ಕರ್ನಾಟಕ 1957ರ ಕಾಯ್ದೆಯಡಿ ವಸೂಲಿ ಮಾಡುತ್ತದೆ, ಮಹಾರಾಷ್ಟ್ರ 1958ರ ಕಾಯ್ದೆಯಡಿ. ನೀವು ಕಟ್ಟಿದ ದುಡ್ಡು ಬೆಂಗಳೂರಿನ ಖಜಾನೆಗೆ ಹೋಗಿದೆ, ಗಾಡಿ ಓಡುತ್ತಿರುವುದು ಮಹಾರಾಷ್ಟ್ರದ ರಸ್ತೆ ಮೇಲೆ. ಇವರೂ ಪಾಲು ಕೇಳುತ್ತಾರೆ, ಅಷ್ಟೇ.

ಆದರೆ ಮೊದಲ ದಿನದಿಂದಲೇ ಕೇಳುವಂತಿಲ್ಲ. ಕೇಂದ್ರದ ಕಾಯ್ದೆಯ 47ನೇ ಕಲಂ ಪ್ರಕಾರ, ಒಂದು ರಾಜ್ಯದ ಗಾಡಿಯನ್ನು ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಜಾಸ್ತಿ ಇಟ್ಟುಕೊಂಡರೆ ಮಾತ್ರ ಅಲ್ಲಿನ ನಂಬರು ತಗೊಳ್ಳಬೇಕು. ಆರು ತಿಂಗಳ ಪ್ರಾಜೆಕ್ಟಿಗೆ ಬಂದವರು ಇದನ್ನೆಲ್ಲ ತಲೆಗೆ ಹಚ್ಚಿಕೊಳ್ಳಬೇಕಿಲ್ಲ. ಬಂದು ಎಷ್ಟು ದಿನವಾಯಿತು ಎಂದು ತೋರಿಸಲು ಬಾಡಿಗೆ ಕರಾರುಪತ್ರ, ಆಫೀಸಿನ ಜಾಯಿನಿಂಗ್ ಲೆಟರ್, ನಿಪ್ಪಾಣಿ ದಾಟಿದ ದಿನದ ಫಾಸ್ಟ್ಯಾಗ್ ಸ್ಟೇಟ್‌ಮೆಂಟ್ ಮೊಬೈಲಿನಲ್ಲಿರಲಿ. ದೀಪಾವಳಿಗೆ ಊರಿಗೆ ಹೋಗಿ ಬಂದರೆ ಲೆಕ್ಕ ಮತ್ತೆ ಮೊದಲಿಂದ ಶುರು ಎಂದು ಕೆಲವರು ಹೇಳುತ್ತಾರೆ. ಆ ಮಾತನ್ನು ನಂಬಿ ಕೂರಬೇಡಿ. ನಾಲ್ಕು ದಿನ ಊರಿಗೆ ಹೋದ ಗಾಡಿ ಪುಣೆಯದೇ ಗಾಡಿ.

ಇಲ್ಲೇ ನೆಲೆಯೂರುವವರು ಮೊದಲು ಮಾಡಬೇಕಾದದ್ದು ಊರಿನ ಆರ್‌ಟಿಒದಿಂದ ಎನ್‌ಒಸಿ, ಅಂದರೆ ಗಾಡಿ ಬೇರೆ ಕಡೆ ನೋಂದಾಯಿಸಲು ಆಕ್ಷೇಪಣೆ ಇಲ್ಲ ಎಂಬ ಪತ್ರ, ತೆಗೆದುಕೊಳ್ಳುವುದು. ಫಾರ್ಮ್ 28 ತುಂಬಬೇಕು. ಆರ್‌ಸಿ, ಇನ್ಶೂರೆನ್ಸ್, ಹೊಗೆ ತಪಾಸಣೆ ಸರ್ಟಿಫಿಕೇಟ್ ಜೊತೆಗಿರಲಿ. ಸಾಲ ಇನ್ನೂ ಬಾಕಿ ಇದ್ದರೆ ಬ್ಯಾಂಕಿನ ಒಪ್ಪಿಗೆ ಪತ್ರವೂ ಬೇಕು. ಸಾಮಾನ್ಯವಾಗಿ ಇಲ್ಲೇ ತಡವಾಗುವುದು, ಹಾಗಾಗಿ ಬ್ಯಾಂಕಿಗೆ ಮೊದಲೇ ಅರ್ಜಿ ಹಾಕಿ. ಹಳೆಯ ಟ್ರಾಫಿಕ್ ದಂಡ ಇದ್ದರೆ ಅದನ್ನೂ ತೀರಿಸಿಬಿಡಿ.

ಫಾರ್ಮಿನ ಮೇಲೆ ಚಾಸಿ ನಂಬರಿನ ಪೆನ್ಸಿಲ್ ಪ್ರಿಂಟ್ ಬೇಕು. ಲೋಹದ ಮೇಲೆ ಕೊರೆದ ನಂಬರನ್ನು ಮೊದಲು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ. ಒಣಗಿದ ಮೇಲೆ ತೆಳು ಕಾಗದ ಒತ್ತಿ ಹಿಡಿದು ಪೆನ್ಸಿಲನ್ನು ಅಡ್ಡ ಹಿಡಿದು ಉಜ್ಜಿ, ಅಂಕಿಗಳು ಬೆಳ್ಳಗೆ ಮೂಡುತ್ತವೆ. ಒಂದೇ ಸಲಕ್ಕೆ ನಾಲ್ಕೈದು ಪ್ರಿಂಟ್ ತೆಗೆದಿಡಿ, ಪುಣೆಯಲ್ಲೂ ಕೇಳುತ್ತಾರೆ. ಗಾಡಿ ಇಲ್ಲಿದ್ದರೆ ಪ್ರಿಂಟ್ ಇಲ್ಲೇ ತೆಗೆದು ಕಾಗದವನ್ನಷ್ಟೇ ಊರಿಗೆ ಒಯ್ಯಬಹುದು.

ಅರ್ಜಿ ಕೊಟ್ಟ 30 ದಿನದೊಳಗೆ ಎನ್‌ಒಸಿ ಕೊಡಬೇಕು, ಇಲ್ಲವೇ ಕೊಡುವುದಿಲ್ಲ ಎಂದು ಕಾರಣ ಸಹಿತ ಹೇಳಬೇಕು. ಏನೂ ಹೇಳದಿದ್ದರೆ ಕೊಟ್ಟಂತೆಯೇ ಲೆಕ್ಕ ಎನ್ನುತ್ತದೆ 48ನೇ ಕಲಂ. ಇದು ಗೊತ್ತಿದ್ದರೆ ‘ನಾಳೆ ಬನ್ನಿ’ ಎಂದವರ ಮುಂದೆ ಮಾತಾಡಲು ಧೈರ್ಯ ಬರುತ್ತದೆ. ಅರ್ಜಿಯ ರಸೀದಿ ಮಾತ್ರ ಕಳೆದುಕೊಳ್ಳಬೇಡಿ.

ಆಮೇಲೆ ಪುಣೆಯ ಕೆಲಸ. ನಗರದವರಿಗೆ ಸಂಗಮ್ ಬ್ರಿಜ್ ಹತ್ತಿರದ ಆರ್‌ಟಿಒ, ಎಂಎಚ್ 12. ಪಿಂಪ್ರಿ-ಚಿಂಚವಡದವರಿಗೆ ಎಂಎಚ್ 14. ಫಾರ್ಮ್ 27 ಕೊಟ್ಟು, ಗಾಡಿ ತೋರಿಸಿ, ತೆರಿಗೆ ಕಟ್ಟಬೇಕು.

ಈ ತೆರಿಗೆಯ ಬಗ್ಗೆ ಹೆದರಿಕೆ ಅಗತ್ಯಕ್ಕಿಂತ ಜಾಸ್ತಿ ಇದೆ. ಹೊಸ ಗಾಡಿಯ ದರ ನೋಡಿ. ಮಹಾರಾಷ್ಟ್ರದಲ್ಲಿ ಪೆಟ್ರೋಲ್ ಕಾರಿಗೆ 10 ಲಕ್ಷದವರೆಗೆ 11%, 20 ಲಕ್ಷದವರೆಗೆ 12%, ಮೇಲೆ 13%. ಡೀಸೆಲ್‌ಗೆ 13, 14, 15%. ಕರ್ನಾಟಕದಲ್ಲಿ 5 ಲಕ್ಷದವರೆಗೆ 13%, 10 ಲಕ್ಷದವರೆಗೆ 14%, 20 ಲಕ್ಷದವರೆಗೆ 17%, ಮೇಲೆ 18%, ಅದರ ಮೇಲೆ ಸೆಸ್ ಬೇರೆ. 12 ಲಕ್ಷದ ಪೆಟ್ರೋಲ್ ಕಾರಿಗೆ ಅಲ್ಲಿ 2,04,000 ರೂಪಾಯಿ, ಇಲ್ಲಿ 1,44,000. ಪುಣೆಯಲ್ಲೇ ಇರುವವರು ಹೊಸ ಕಾರನ್ನು ಹುಬ್ಬಳ್ಳಿಯಲ್ಲಿ ಕೊಂಡು ತರುವುದರಲ್ಲಿ ಏನೂ ಲಾಭವಿಲ್ಲ. ಭಾವನ ಪರಿಚಯದ ಶೋರೂಮ್ ಇದ್ದರೂ ಸರಿ! ಹಳೆಯ ಗಾಡಿಗೆ ವಯಸ್ಸು ನೋಡಿ ತೆರಿಗೆ ಕಡಿಮೆ ಮಾಡುತ್ತಾರೆ.

ಎಂಎಚ್ ನಂಬರು ಬಂದ ಮೇಲೆ ಕರ್ನಾಟಕದಿಂದ ಉಳಿದ ವರ್ಷಗಳ ತೆರಿಗೆ ವಾಪಸ್ ಕೇಳಬಹುದು. ಹೊಸ ಆರ್‌ಸಿ ಪ್ರತಿ, ಇಲ್ಲಿ ತೆರಿಗೆ ಕಟ್ಟಿದ ರಸೀದಿ ಹಿಡಿದು ಹಳೆಯ ಆರ್‌ಟಿಒಗೇ ಅರ್ಜಿ ಹಾಕಬೇಕು. ಬಹಳ ಜನ ನಂಬರು ಸಿಕ್ಕ ಖುಷಿಯಲ್ಲಿ ಈ ದುಡ್ಡನ್ನು ಮರೆತೇಬಿಡುತ್ತಾರೆ. ಗಾಡಿ ಹಳೆಯದಾದಷ್ಟೂ ವಾಪಸ್ ಬರುವ ಮೊತ್ತ ಕರಗುತ್ತದೆ, ಹತ್ತು ಹನ್ನೆರಡು ವರ್ಷದ ಕಾರಾದರೆ ಈ ಓಡಾಟವೇ ಬೇಡ. ಊರಲ್ಲೇ ಮಾರಿ ಇಲ್ಲೊಂದು ಕೊಳ್ಳುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಇವತ್ತು ಪುಣೆ, ನಾಳೆ ಹೈದರಾಬಾದ್ ಎನ್ನುವವರಿಗೆ 2021ರಲ್ಲಿ ಬಂದ ಬಿಎಚ್ (ಭಾರತ್) ಸರಣಿಯ ನಂಬರು ಇದೆ. ಸರ್ಕಾರಿ ನೌಕರರು, ಸೈನ್ಯದವರು ಮತ್ತು ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿ ಇರುವ ಖಾಸಗಿ ಕಂಪನಿಯವರು ತಗೊಳ್ಳಬಹುದು. ಖಾಸಗಿಯವರು ಕಂಪನಿಯಿಂದ ಫಾರ್ಮ್ 60, ಅಂದರೆ ಅಲ್ಲಿ ಕೆಲಸ ಮಾಡುತ್ತಿರುವ ಸರ್ಟಿಫಿಕೇಟ್, ತರಬೇಕು. ತೆರಿಗೆ ಎರಡೆರಡು ವರ್ಷಕ್ಕೆ ಕಟ್ಟುವುದರಿಂದ ಒಮ್ಮೆಗೇ ಜೇಬಿಗೆ ಭಾರ ಬೀಳುವುದಿಲ್ಲ. ರಾಜ್ಯ ಬದಲಾದರೂ ನಂಬರು ಅದೇ.

ಡ್ರೈವಿಂಗ್ ಲೈಸೆನ್ಸ್ ಬದಲಿಸಬೇಕಿಲ್ಲ, ಕರ್ನಾಟಕದ್ದೇ ಎಲ್ಲ ಕಡೆ ನಡೆಯುತ್ತದೆ. ಆದರೆ ಗಾಡಿಯ ನಂಬರು ಬದಲಾದ ಕೂಡಲೇ ಇನ್ಶೂರೆನ್ಸ್ ಕಂಪನಿಗೆ ತಿಳಿಸಿ ಪಾಲಿಸಿಯಲ್ಲಿ ತಿದ್ದಿಸಿಕೊಳ್ಳಿ. ಪಾಲಿಸಿಯಲ್ಲಿ ಕೆಎ, ಗಾಡಿ ಮೇಲೆ ಎಂಎಚ್ ಇದ್ದರೆ ಅಪಘಾತವಾದಾಗ ಕ್ಲೇಮ್‌ಗೆ ಒದ್ದಾಡಬೇಕಾಗುತ್ತದೆ. ಫಾಸ್ಟ್ಯಾಗ್‌ನಲ್ಲೂ ಹೊಸ ನಂಬರು ಹಾಕಿಸಿ, ಮುಂದಿನ ಸಲ ಊರಿನ ದಾರಿ ಹಿಡಿಯುವ ಮೊದಲೇ.