ಬಾಕಿ ಸಂಬಳ ಕೈಗೆ ಬಂದ ಬಗೆ

ವಸಂತನರಸಾಪುರದ ಒಂದು ಚಿಕ್ಕ ಕಾರ್ಖಾನೆ ಬಿಟ್ಟ ಮೇಲೆ ಬಾಕಿ ಸಂಬಳಕ್ಕಾಗಿ ಅಲೆದು ಸಾಕಾಗಿತ್ತು. ದುಡಿದ ದುಡ್ಡಿಗೇ ಕೈಚಾಚಿ ನಿಲ್ಲೋದು ತುಂಬಾ ನೋವಿನ ಕೆಲಸ. ಕೊನೆಗೆ ತುಮಕೂರಿನ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟೆ. ಫೀಸಿಲ್ಲ. ಕೇಸ್ ಹಾಕುವ ಮೊದಲೇ ಎರಡೂ ಕಡೆಯವರನ್ನು ಕರೆಸಿ ಮಾತಾಡಿಸುತ್ತಾರೆ.

ನೇಮಕಾತಿ ಪತ್ರ ನನಗೆ ಕೊಟ್ಟೇ ಇರಲಿಲ್ಲ. ಕೈ ಹಿಡಿದದ್ದು ಪಾಸ್‌ಬುಕ್. ಸಂಬಳ ಜಮೆಯಾದ ಸಾಲುಗಳಿಗೆಲ್ಲ ಪೆನ್ಸಿಲ್ ಗುರುತು ಹಾಕಿದೆ. ‘ಮುಂದಿನ ವಾರ ಹಾಕ್ತೀನಿ’ ಅಂತ ಮಾಲೀಕರು ಕಳಿಸಿದ್ದ ವಾಟ್ಸಾಪ್ ಮೆಸೇಜನ್ನು ತಾರೀಖು ಕಾಣುವ ಹಾಗೆ ಪ್ರಿಂಟ್ ತೆಗೆಸಿದೆ. ಬಾಕಿ ಇದೆ ಅಂತ ಅವರೇ ಬರೆದುಕೊಟ್ಟ ಹಾಗಾಯ್ತು, ಅಲ್ವಾ?

ಮಾತುಕತೆಯಲ್ಲಿ ಮಾಲೀಕರು ಕಂತಿನಲ್ಲಿ ಕೊಡೋಕೆ ಒಪ್ಪಿದರು. ಸುಮ್ನೆ ಬಾಯಿಮಾತಿಗೆ ಬಿಡಬೇಡಿ, ಲೋಕ ಅದಾಲತ್‌ನಲ್ಲೇ ರಾಜಿ ಬರೆಸಿ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ ಪ್ರಕಾರ ಅದಕ್ಕೆ ಸಿವಿಲ್ ಕೋರ್ಟ್ ಡಿಕ್ರಿಯಷ್ಟೇ, ಅಂದರೆ ಕೋರ್ಟ್ ತೀರ್ಪಿನ ಆದೇಶದಷ್ಟೇ ಬೆಲೆ, ಮೇಲ್ಮನವಿಯೂ ಇಲ್ಲ. ನನ್ನ ಕೊನೆಯ ಕಂತೂ ಖಾತೆಗೆ ಬಿತ್ತು.