ಮೊಲ ಮೇವು ಬಿಟ್ಟಾಗ: ಬಾಯಿಗೆ ಹಾಕುವ ಮೊದಲು ಹೊಟ್ಟೆ ಮುಟ್ಟಿ ನೋಡಿ

ಎತ್ತು ಮೆಲುಕು ಹಾಕುವುದನ್ನು ನಿಲ್ಲಿಸಿದರೆ ಹೊಲದ ಕೆಲಸ ಬದಿಗಿಟ್ಟು ಡಾಕ್ಟರನ್ನು ಕರೆತರಬೇಕೆಂದು ನಮ್ಮ ಭಾಗದ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಹುಬ್ಬಳ್ಳಿ-ಧಾರವಾಡದ ಮನೆಗಳ ಹಿತ್ತಲಲ್ಲೋ ಬಾಲ್ಕನಿಯಲ್ಲೋ ಸಾಕಿಕೊಂಡ ಮೊಲದ ವಿಷಯದಲ್ಲಿ ಆ ಎಚ್ಚರ ಕಾಣುವುದಿಲ್ಲ. ರಾತ್ರಿ ಹಾಕಿದ ಸೊಪ್ಪು ಬೆಳಿಗ್ಗೆ ಹಾಗೆಯೇ ಬಾಡಿ ಬಿದ್ದಿದ್ದರೂ, ಹಸಿವಾದರೆ ತಾನೇ ತಿನ್ನುತ್ತದೆ ಎಂದುಕೊಂಡು ಕೆಲಸಕ್ಕೆ ಹೊರಡುತ್ತೇವೆ. ಹತ್ತು ಹನ್ನೆರಡು ಗಂಟೆ ಏನನ್ನೂ ತಿನ್ನದ, ಹಿಕ್ಕೆಯನ್ನೂ ಹಾಕದ ಮೊಲ ಅಪಾಯದಲ್ಲಿದೆ ಎಂದೇ ತಿಳಿಯಬೇಕು. ಅದಕ್ಕೆ ಅಂದೇ ಚಿಕಿತ್ಸೆ ಬೇಕು.

ಮೊಲದ ಕರುಳು ನಿರಂತರವಾಗಿ ನಡೆಯುತ್ತಿರಬೇಕಾದ ಯಂತ್ರ. ನಾರುಳ್ಳ ಮೇವು ಒಳಗೆ ಹೋಗುತ್ತಲೇ ಇದ್ದರೆ ಕರುಳು ಚಲಿಸುತ್ತದೆ. ಆ ಮೇವಿನ ಸಣ್ಣ ಕಣಗಳು ಸೀಕಮ್ ಎಂಬ ದೊಡ್ಡ ಚೀಲ ಸೇರಿ, ಅಲ್ಲಿಯ ಸೂಕ್ಷ್ಮಜೀವಿಗಳಿಂದ ಹುಳಿಯುತ್ತವೆ. ಅಲ್ಲಿಂದ ಬರುವ ಮೆತ್ತನೆಯ, ಗೊಂಚಲಿನಂಥ ಹಿಕ್ಕೆಯನ್ನು ಮೊಲ ನೇರವಾಗಿ ಬಾಯಿಗೆ ತೆಗೆದುಕೊಂಡು ಮತ್ತೊಮ್ಮೆ ಜೀರ್ಣಿಸಿಕೊಳ್ಳುತ್ತದೆ. ಮೇವು ನಿಂತರೆ ಕರುಳಿನ ಚಲನೆ ಮಂದವಾಗುತ್ತದೆ, ಒಳಗಿದ್ದದ್ದು ಒಣಗಿ ಗಟ್ಟಿಯಾಗುತ್ತದೆ, ಗಾಳಿ ತುಂಬುತ್ತದೆ. ಗಾಳಿಯಿಂದ ನೋವು ಹೆಚ್ಚಿ, ನೋವಿನಿಂದ ಮೊಲ ಇನ್ನಷ್ಟು ತಿನ್ನದಾಗುತ್ತದೆ. ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲವಾದ್ದರಿಂದ ಒಳಗೆ ಸಿಕ್ಕಿಕೊಂಡದ್ದು ಬಾಯಿಯ ದಾರಿಯಲ್ಲಿ ಹೊರಬರುವಂತಿಲ್ಲ. ಇದರ ಮೇಲೆ, ಉಪವಾಸದಲ್ಲಿ ದೇಹದ ಕೊಬ್ಬು ಕರಗಿ ಯಕೃತ್ತಿನಲ್ಲಿ ತುಂಬಿಕೊಳ್ಳುವ ತೊಂದರೆಯೂ ಇದೆ. ದಪ್ಪಗೆ ಬೆಳೆಸಿದ ಮೊಲಗಳಿಗೆ ಅದು ಬೇಗ ಬರುತ್ತದೆ.

ಮೇವು ಬಿಡುವುದು ರೋಗವಲ್ಲ, ರೋಗದ ಲಕ್ಷಣ ಎಂಬುದು ನೆನಪಿರಲಿ. ದವಡೆ ಹಲ್ಲಿನ ಅಂಚು ಚೂಪಾಗಿ ಬೆಳೆದು ನಾಲಿಗೆಯನ್ನೋ ಕೆನ್ನೆಯನ್ನೋ ಕೊರೆಯುತ್ತಿರಬಹುದು. ಮೂತ್ರಕೋಶದಲ್ಲಿ ಸುಣ್ಣ ಕಟ್ಟಿರಬಹುದು. ಬಿಸಿಲಿನ ಝಳ, ನೀರಿನ ಕೊರತೆ, ಬೀದಿನಾಯಿಯನ್ನು ಕಂಡ ಭಯ, ಇದ್ದಕ್ಕಿದ್ದಂತೆ ಬದಲಾದ ಮೇವು, ಯಾವುದೂ ಕಾರಣವಾಗಬಹುದು. ಮನೆಯಲ್ಲಿ ನಾವು ಮಾಡಬಹುದಾದದ್ದು ಕಾರಣ ಗೊತ್ತಾಗುವವರೆಗೆ ಪ್ರಾಣಿಯ ಜೀವವನ್ನು ಹಿಡಿದು ನಿಲ್ಲಿಸುವ ಕೆಲಸ ಮಾತ್ರ.

ಮೊದಲ ಹತ್ತು ನಿಮಿಷ

ಗಡಿಯಾರ ನೋಡಿ, ಮೊಲ ಕೊನೆಯ ಬಾರಿ ತಿಂದದ್ದು ಯಾವಾಗ, ಕೊನೆಯ ಹಿಕ್ಕೆ ಹಾಕಿದ್ದು ಯಾವಾಗ ಎಂಬುದನ್ನು ಬರೆದಿಟ್ಟುಕೊಳ್ಳಿ. ಗೂಡಿನ ಹಾಸನ್ನು ಎತ್ತಿ ಝಾಡಿಸುವ ಮೊದಲು ಹಿಕ್ಕೆಗಳನ್ನು ಗಮನಿಸಿ: ಅವು ಎಂದಿಗಿಂತ ಸಣ್ಣದಾಗಿವೆಯೇ, ಕೂದಲಿನಲ್ಲಿ ಪೋಣಿಸಿದ ಮಣಿಸರದಂತಿವೆಯೇ, ಲೋಳೆ ಅಂಟಿದೆಯೇ? ಮೂತ್ರ ಕೆಂಪಗಿದ್ದರೆ ಗಾಬರಿ ಬೇಡ. ಆರೋಗ್ಯವಂತ ಮೊಲದ ಮೂತ್ರವೂ ಕೆಲವೊಮ್ಮೆ ಕಿತ್ತಳೆ, ಕೆಂಪು ಬಣ್ಣಕ್ಕೆ ತಿರುಗುವುದುಂಟು. ಮೂತ್ರವೇ ಬಂದಿಲ್ಲವೆಂದರೆ ಅದನ್ನು ಮಾತ್ರ ಮರೆಯದೆ ಡಾಕ್ಟರಿಗೆ ಹೇಳಬೇಕು.

ಬಳಿಕ ಮೊಲದ ಕುಳಿತ ಭಂಗಿ ನೋಡಿ. ಬೆನ್ನು ಗೂನಾಗಿಸಿ, ಕಣ್ಣು ಅರೆ ಮುಚ್ಚಿ, ಮೂಲೆಯಲ್ಲಿ ಮುದುಡಿ ಕುಳಿತಿದ್ದರೆ, ಅಥವಾ ಹೊಟ್ಟೆಯನ್ನು ನೆಲಕ್ಕೆ ಒತ್ತಿ ಒತ್ತಿ ಮಲಗುತ್ತಿದ್ದರೆ, ಅದಕ್ಕೆ ನೋವಿದೆ. ಹಲ್ಲು ಕಡಿಯುವ ಸದ್ದಿನಲ್ಲೂ ಎರಡು ಬಗೆ ಇದೆ. ತಲೆ ಸವರುವಾಗ ಕೇಳುವ ಮೆಲುದನಿಯ ಕಟಕಟ ಸುಖದ್ದು. ಸುಮ್ಮನೆ ಕುಳಿತಲ್ಲಿಯೇ ಜೋರಾಗಿ ಕಡಿಯುವುದು ನೋವಿನದು.

ಈಗ ಮುಖ್ಯ ಪರೀಕ್ಷೆ. ಮೊಲವನ್ನು ಎತ್ತದೆ, ನೆಲದ ಮೇಲೆ ಕುಳಿತಂತೆಯೇ ಇರಲು ಬಿಟ್ಟು, ಎರಡೂ ಅಂಗೈಗಳಿಂದ ಹೊಟ್ಟೆಯ ಇಕ್ಕೆಲಗಳನ್ನು ಹಗುರವಾಗಿ ಮುಟ್ಟಿ. ಹೊಟ್ಟೆ ನಾದಿದ ಹಿಟ್ಟಿನಂತೆ ಮೆತ್ತಗಿದ್ದರೆ ಕೆಲವು ಗಂಟೆಗಳ ಕಾಲಾವಕಾಶ ಇರುತ್ತದೆ. ಹಲಗಿಯ ಚರ್ಮದಂತೆ ಬಿಗಿದು ಉಬ್ಬಿದ್ದರೆ, ಅದರಲ್ಲೂ ಮೊಲ ಮೊನ್ನೆಯವರೆಗೆ ಚೆನ್ನಾಗಿದ್ದು ಈಗ ಹಠಾತ್ತಾಗಿ ಕುಸಿದಿದ್ದರೆ, ಕೂದಲಿನ ಉಂಡೆಯೋ ಬೇರೇನೋ ಕರುಳನ್ನು ಕಟ್ಟಿರಬಹುದು. ಅಂಥ ಮೊಲದ ಬಾಯಿಗೆ ಒಂದು ಹನಿ ಗಂಜಿಯನ್ನೂ ಹಾಕಬಾರದು. ಮುಂದೆ ದಾರಿಯಿಲ್ಲದ ಹೊಟ್ಟೆಗೆ ಮತ್ತಷ್ಟು ತುಂಬಿದರೆ ಅದು ಒಡೆಯುವ ಅಪಾಯವಿದೆ. ಕರುಳನ್ನು ಚಲಿಸುವ ಔಷಧಿಯೂ ಅಲ್ಲಿ ಕೇಡನ್ನೇ ಮಾಡುತ್ತದೆ.

ಇಷ್ಟು ಒತ್ತಿ ಹೇಳಲು ಕಾರಣವಿದೆ. ನಮ್ಮ ಕಡೆ ಯಾರಿಗೆ ಹುಷಾರಿಲ್ಲದಿದ್ದರೂ ಮೊದಲ ಉಪಚಾರ ಉಣಿಸುವುದು. “ಒಂದೀಟ ಹೊಟ್ಟಿಗೆ ಬಿತ್ತಂದ್ರ ಆರಾಮ ಆಗ್ತದ” ಎಂಬ ಮಾತು ಮನುಷ್ಯರಿಗೆ ಸಲ್ಲಬಹುದು. ನಮ್ಮ ಮನೆಯ ಮೊದಲ ಮೊಲ ಮೇವು ಬಿಟ್ಟ ದಿನ ಹಿರಿಯರೆಲ್ಲ ಸೇರಿ ಪ್ರೀತಿಯಿಂದ ಹಾಲು ಕುಡಿಸಿದರು, ಅಜವಾನದ ನೀರು ಕುಡಿಸಿದರು, ಬೆಲ್ಲ ನೆಕ್ಕಿಸಿದರು. ಹೊಟ್ಟೆ ಉಬ್ಬಿದ್ದನ್ನು ಮಾತ್ರ ಯಾರೂ ನೋಡಿರಲಿಲ್ಲ. ಅದು ಬೆಳಗಿನ ತನಕ ಉಳಿಯಲಿಲ್ಲ. ಹಾಲು ಮತ್ತು ಸಕ್ಕರೆ ಅಂಶ ಸೀಕಮ್‌ನೊಳಗಿನ ಸೂಕ್ಷ್ಮಜೀವಿಗಳ ಸಮತೋಲವನ್ನೇ ಕೆಡಿಸುತ್ತವೆ ಎಂದು ನನಗೆ ತಿಳಿದದ್ದು ಆಮೇಲೆ.

ಮೈ ಬಿಸಿ, ಮೈ ತಂಪು

ಹೊಟ್ಟೆಯ ನಂತರ ಕಿವಿಗಳನ್ನು ಮುಟ್ಟಿ ನೋಡಿ. ಮೊಲಕ್ಕೆ ಮನುಷ್ಯರಂತೆ ಬೆವರು ಬರುವುದಿಲ್ಲ. ಮೈಯ ಶಾಖವನ್ನು ಅದು ಹೆಚ್ಚಾಗಿ ಕಿವಿಗಳ ಮೂಲಕ ಹೊರಹಾಕುತ್ತದೆ. ಆರೋಗ್ಯವಂತ ಮೊಲದ ದೇಹದ ಉಷ್ಣತೆ ಸುಮಾರು 38.5ರಿಂದ 40 ಡಿಗ್ರಿ ಸೆಲ್ಸಿಯಸ್, ಅಂದರೆ ನಮ್ಮದಕ್ಕಿಂತ ಹೆಚ್ಚು. ಮೇವು ಬಿಟ್ಟ ಮೊಲದ ಉಷ್ಣತೆ 38ಕ್ಕಿಂತ ಕೆಳಗಿಳಿದಿದ್ದರೆ ಅದು ಜ್ವರಕ್ಕಿಂತಲೂ ಕೆಟ್ಟ ಸೂಚನೆ. ಡಿಜಿಟಲ್ ಥರ್ಮಾಮೀಟರಿಗೆ ವ್ಯಾಸಲೀನ್ ಸವರಿ ಗುದದ್ವಾರದಲ್ಲಿ ಒಂದು ಸೆಂಟಿಮೀಟರಿನಷ್ಟು ಇಟ್ಟು ನೋಡುವುದು ಸರಿಯಾದ ಕ್ರಮ. ಆದರೆ ಹಿಡಿಯುವ ರೂಢಿ ಇಲ್ಲದವರು ಇದಕ್ಕೆ ಕೈ ಹಾಕಬಾರದು, ಏಕೆಂದರೆ ಮೊಲದ ಎಲುಬು ಹಗುರ, ಹಿಂಗಾಲಿನ ಒದೆತ ಜೋರು, ಕೊಸರಾಡುವಾಗ ತನ್ನ ಬೆನ್ನುಮೂಳೆಯನ್ನು ತಾನೇ ಮುರಿದುಕೊಂಡ ಮೊಲಗಳಿವೆ.

ಕಿವಿ, ಪಾದ ತಣ್ಣಗಿದ್ದರೆ ಬಿಸಿನೀರಿನ ಬಾಟಲಿಯನ್ನು ಟವೆಲಿನಲ್ಲಿ ಸುತ್ತಿ ಪಕ್ಕದಲ್ಲಿ ಇಡಿ. ಸೆಕೆಯೆನಿಸಿದಾಗ ಮೊಲ ದೂರ ಸರಿಯಲು ಜಾಗ ಬಿಟ್ಟಿರಿ. ಧಾರವಾಡದ ಮಳೆಗಾಲದ ಥಂಡಿಯಲ್ಲಿ, ಡಿಸೆಂಬರಿನ ರಾತ್ರಿಗಳಲ್ಲಿ ಇದು ಸಾಮಾನ್ಯ ಅಗತ್ಯ. ಏಪ್ರಿಲ್-ಮೇ ತಿಂಗಳ ಗದಗಿನಲ್ಲೋ ಹುಬ್ಬಳ್ಳಿಯ ತಗಡಿನ ಮಾಡಿನ ಕೆಳಗೋ ಕಾಣುವುದು ಇದಕ್ಕೆ ವಿರುದ್ಧ. ಮೊಲಕ್ಕೆ ಹಿತವಾದ ಹವೆ 15ರಿಂದ 20 ಡಿಗ್ರಿ; 30ರ ಹತ್ತಿರ ಬಂದರೆ ಅದು ಸಂಕಟಪಡುತ್ತದೆ. ಕಿವಿ ಸುಡುತ್ತಿದ್ದು, ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ ನೆರಳಿಗೆ ತಂದು, ಒದ್ದೆ ಬಟ್ಟೆಯಿಂದ ಕಿವಿಗಳನ್ನು ಒರೆಸುತ್ತ, ಗಾಳಿ ಬೀಸಬೇಕು. ಮಂಜುಗಡ್ಡೆಯ ನೀರಿನಲ್ಲಿ ಮುಳುಗಿಸುವುದು ಸಲ್ಲದು.

ಡಾಕ್ಟರ ಬಳಿಗೆ

ಪಶು ಆಸ್ಪತ್ರೆ ಎಲ್ಲ ತಾಲ್ಲೂಕಿನಲ್ಲೂ ಇದೆ, ಗದಗಿನಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ. ಆದರೂ ಆಕಳು, ಎಮ್ಮೆ, ಕುರಿ, ನಾಯಿಗಳನ್ನೇ ದಿನವೆಲ್ಲ ನೋಡುವ ವೈದ್ಯರಿಗೆ ಮೊಲ ಅಪರೂಪದ ರೋಗಿಯಾಗಿರಬಹುದು. ಹೀಗಾಗಿ ಮೊದಲು ಫೋನ್ ಮಾಡಿ, ಮೊಲಕ್ಕೆ ಚಿಕಿತ್ಸೆ ನೀಡಿದ ಅನುಭವ ಇದೆಯೇ, ಎಕ್ಸ್‌ರೇ ಸೌಲಭ್ಯ ಇದೆಯೇ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಸಂಚಾರಿ ಪಶು ಚಿಕಿತ್ಸಾಲಯದ 1962 ಸಹಾಯವಾಣಿ ಮುಖ್ಯವಾಗಿ ರೈತರ ಜಾನುವಾರುಗಳಿಗಾಗಿ ಇರುವಂಥದ್ದು. ಮೊಲವನ್ನು ನಾವೇ ಕರೆದೊಯ್ಯುವುದು ಒಳ್ಳೆಯದು.

ಹಾವೇರಿಯಿಂದಲೋ ಗದಗಿನಿಂದಲೋ ಹುಬ್ಬಳ್ಳಿಗೆ ಬರುವವರಿಗೆ ದಾರಿಯೇ ಒಂದೂವರೆ ತಾಸು ಹಿಡಿಯುತ್ತದೆ. ಗಾಳಿಯಾಡುವ ಬುಟ್ಟಿಯಲ್ಲಿ ಕಾಲು ಜಾರದಂತೆ ಟವೆಲ್ ಹಾಸಿ, ಒಂದು ಹಿಡಿ ಒಣಹುಲ್ಲು ಇಟ್ಟು, ಮೇಲೆ ತೆಳುವಾದ ಬಟ್ಟೆ ಮುಚ್ಚಿ ಕತ್ತಲು ಮಾಡಿ. ಜೋಡಿ ಮೊಲವಿದ್ದರೆ ಅದನ್ನೂ ಜೊತೆಗೆ ಒಯ್ಯಿರಿ. ಸಂಗಾತಿಯ ವಾಸನೆ ಇದ್ದಲ್ಲಿ ಮೊಲ ಕಡಿಮೆ ಹೆದರುತ್ತದೆ.

ವೈದ್ಯರು ಸಾಮಾನ್ಯವಾಗಿ ನೋವು ಕಡಿಮೆ ಮಾಡುವ ಔಷಧಿ, ಚರ್ಮದಡಿ ಅಥವಾ ರಕ್ತನಾಳಕ್ಕೆ ದ್ರವ, ಅಡೆತಡೆ ಇಲ್ಲವೆಂದು ಖಚಿತವಾದ ಮೇಲೆ ಕರುಳಿನ ಚಲನೆಗೆ ಔಷಧಿ, ಈ ಕ್ರಮದಲ್ಲಿ ಸಾಗುತ್ತಾರೆ. ರಕ್ತದ ಸಕ್ಕರೆ ಪರೀಕ್ಷೆಯೂ ಉಪಯುಕ್ತ: ಕರುಳು ಕಟ್ಟಿದ ಮೊಲಗಳಲ್ಲಿ ಅದು ತೀರ ಏರಿರುತ್ತದೆ. ನೋವು ಇಳಿಯದೆ ಮೊಲ ತಿನ್ನುವುದಿಲ್ಲ. ಆದ್ದರಿಂದ ಎಲ್ಲಕ್ಕೂ ಮೊದಲು ನೋವಿನ ವಿಚಾರ ಕೇಳಿ.

ನೀವು ಎಚ್ಚರ ವಹಿಸಬೇಕಾದ ಒಂದು ಸಂಗತಿ ಆಂಟಿಬಯಾಟಿಕ್. ಅಮಾಕ್ಸಿಸಿಲಿನ್, ಆಂಪಿಸಿಲಿನ್, ಕ್ಲಿಂಡಾಮೈಸಿನ್, ಲಿಂಕೋಮೈಸಿನ್ ಇವುಗಳನ್ನು ಬಾಯಿಯ ಮೂಲಕ ಕೊಟ್ಟರೆ ಸೀಕಮ್‌ನ ಒಳ್ಳೆಯ ಸೂಕ್ಷ್ಮಜೀವಿಗಳು ಸತ್ತು, ವಿಷಕಾರಿ ಬ್ಯಾಕ್ಟೀರಿಯಾ ಬೆಳೆದು, ಮೊಲ ಭೇದಿಯಿಂದ ಸಾಯಬಹುದು. ಮನೆಯಲ್ಲಿ ಉಳಿದ ಮಕ್ಕಳ ಸಿರಪ್ಪನ್ನು ಅಳತೆ ಕಡಿಮೆ ಮಾಡಿ ಕೊಡುವ ಸಾಹಸವನ್ನಂತೂ ಮಾಡಲೇಬಾರದು. ನಾಯಿಯ ಮೈಗೆ ಹತ್ತುವ ಉಣ್ಣಿಗೆ ಹೊಡೆಯುವ ಫಿಪ್ರೊನಿಲ್ ಸ್ಪ್ರೇ ಕೂಡ ಮೊಲಕ್ಕೆ ವಿಷ. ಅರಿವಳಿಕೆ ಕೊಡುವ ಸಂದರ್ಭ ಬಂದರೆ ಹಿಂದಿನ ರಾತ್ರಿಯಿಂದ ಉಪವಾಸ ಇಡುವ ನಿಯಮ ಮೊಲಕ್ಕೆ ಅನ್ವಯಿಸುವುದಿಲ್ಲವೆಂಬುದನ್ನೂ ನೆನಪಿಡಿ.

ಗಂಜಿ ಕುಡಿಸುವ ಕ್ರಮ

ಅಡೆತಡೆ ಇಲ್ಲ, ಉಣಿಸಬಹುದು ಎಂದು ವೈದ್ಯರು ಹೇಳಿದ ಮೇಲೆ ನಿಮ್ಮ ನಿಜವಾದ ಕೆಲಸ ಆರಂಭ. ಮೊಲದ ಮೈ ಬೆಚ್ಚಗಿರಬೇಕು, ಅದು ಎಚ್ಚರವಾಗಿದ್ದು ನುಂಗುವ ಸ್ಥಿತಿಯಲ್ಲಿರಬೇಕು. ರೋಗಿ ಮೊಲಗಳಿಗೆಂದೇ ಮಾಡಿದ ನಾರಿನ ಪುಡಿ ಆನ್‌ಲೈನಿನಲ್ಲಿ ಸಿಗುತ್ತದೆ. ಅದು ಮನೆ ತಲುಪುವವರೆಗೆ, ಮೊಲ ದಿನವೂ ತಿನ್ನುವ ಹುಲ್ಲಿನ ಪೆಲೆಟ್‌ಗಳನ್ನೇ ಬಿಸಿನೀರಿನಲ್ಲಿ ಕಾಲು ತಾಸು ನೆನೆಸಿ, ಮಿಕ್ಸಿಯಲ್ಲಿ ನುಣ್ಣಗೆ ರುಬ್ಬಿ, ಚಹಾ ಸೋಸುವ ಜರಡಿಯಲ್ಲಿ ಸೋಸಿ, ಉಗುರುಬೆಚ್ಚಗಿನ ತೆಳು ಗಂಜಿ ಮಾಡಿಕೊಳ್ಳಬಹುದು. ಅಕ್ಕಿ ಗಂಜಿ, ರವೆ, ರೊಟ್ಟಿ ನೆನೆಸಿದ ನೀರು ಇದಕ್ಕೆ ಬದಲಿಯಲ್ಲ. ಮೊಲಕ್ಕೆ ಬೇಕಾದದ್ದು ನಾರು, ಪಿಷ್ಟವಲ್ಲ.

ಅಳತೆಗೆ ಒಂದು ಲೆಕ್ಕವಿದೆ: ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ ಸುಮಾರು 50 ಮಿಲಿಲೀಟರ್ ಗಂಜಿ, ನಾಲ್ಕೈದು ಸಲಕ್ಕೆ ಹಂಚಿ. ಒಂದೂವರೆ ಕಿಲೋ ಮೊಲಕ್ಕೆ ದಿನಕ್ಕೆ 75 ಮಿಲಿಲೀಟರ್, ಅಂದರೆ ಐದು ಸಲಕ್ಕೆ ತಲಾ 15. ಮೊದಲ ಒಂದೆರಡು ಸಲ ಅದರ ಅರ್ಧ ಸಾಕು.

ಟವೆಲನ್ನು ಎಳೆಗೂಸಿಗೆ ಸುತ್ತುವ ಹಾಗೆ ಮೈಗೆ ಸುತ್ತಿ, ತಲೆ ಮಾತ್ರ ಹೊರಗಿರಲಿ. ಮೊಲ ನಾಲ್ಕೂ ಕಾಲಿನ ಮೇಲೆ ಸಹಜವಾಗಿ ಕುಳಿತಿರಬೇಕು. ಅಂಗಾತ ಮಲಗಿಸಿ ಕುಡಿಸಿದರೆ ಗಂಜಿ ಶ್ವಾಸಕೋಶಕ್ಕೆ ಹೋಗುತ್ತದೆ. ಮುಂದಿನ ಬಾಚಿಹಲ್ಲಿಗೂ ಹಿಂದಿನ ದವಡೆ ಹಲ್ಲಿಗೂ ನಡುವೆ ಹಲ್ಲಿಲ್ಲದ ಖಾಲಿ ಜಾಗವಿದೆ. ಒಂದು ಮಿಲಿಲೀಟರಿನ ಸಿರಿಂಜನ್ನು ಸೂಜಿ ತೆಗೆದು, ಬಾಯಿಯ ಪಕ್ಕದಿಂದ ಅಲ್ಲಿಗೆ ಇಟ್ಟು, ಅರ್ಧ ಮಿಲಿಲೀಟರಿನಷ್ಟು ಮಾತ್ರ ಬಿಡಿ. ಅಗಿದು ನುಂಗುವುದನ್ನು ಕಣ್ಣಾರೆ ಕಂಡ ಮೇಲೆಯೇ ಮುಂದಿನ ತೊಟ್ಟು. ಇಪ್ಪತ್ತು ನಿಮಿಷ ಹಿಡಿಯಬಹುದು, ಮೊದಲ ದಿನ ಅರ್ಧ ಗಂಜಿ ನಿಮ್ಮ ಬಟ್ಟೆಯ ಮೇಲೆಯೇ ಇರುತ್ತದೆ. ಮೂಗಿನಿಂದ ಗಂಜಿ ಬಂದರೆ, ಉಸಿರಿನಲ್ಲಿ ಗೊರಗೊರ ಸದ್ದು ಕೇಳಿದರೆ ತಕ್ಷಣ ನಿಲ್ಲಿಸಿ, ಡಾಕ್ಟರಿಗೆ ತಿಳಿಸಿ. ಮುಗಿದ ಬಳಿಕ ಗದ್ದ, ಎದೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಬೇಕು, ಸ್ನಾನ ಮಾಡಿಸಬಾರದು. ಹಿಂಭಾಗ ಹಸಿಯಾಗಿ ಹೊಲಸಾಗಿದ್ದರೆ ಮಳೆಗಾಲದಲ್ಲಿ ನೊಣ ಮೊಟ್ಟೆಯಿಟ್ಟು ಒಂದೇ ದಿನದಲ್ಲಿ ಹುಳು ಬೀಳುವುದುಂಟು. ಆದ್ದರಿಂದ ದಿನಕ್ಕೆರಡು ಸಲ ಬಾಲದ ಕೆಳಗೆ ನೋಡಿ.

ನೀರನ್ನು ನಳಿಗೆಯ ಬಾಟಲಿಗಿಂತ ಅಗಲವಾದ, ಮಗುಚದ ಬಟ್ಟಲಿನಲ್ಲಿಟ್ಟರೆ ಮೊಲ ಹೆಚ್ಚು ಕುಡಿಯುತ್ತದೆ. ಬಾಯಿಯ ಹತ್ತಿರವೇ ಆಗತಾನೆ ಕಿತ್ತ ಕೊತ್ತಂಬರಿ, ಮೆಂತ್ಯ, ತೊಳೆದ ಗರಿಕೆ, ಒಣಹುಲ್ಲು ಸದಾ ಇರಲಿ. ಗಂಜಿ ಕುಡಿಸುತ್ತಿದ್ದೇವೆಂದು ಹುಲ್ಲು ತೆಗೆಯಬಾರದು, ಏಕೆಂದರೆ ತಾನಾಗಿ ಒಂದು ಎಸಳು ಎಳೆದುಕೊಂಡು ಅಗಿಯುವುದೇ ನಾವು ಕಾಯುತ್ತಿರುವ ಗುಣಚಿಹ್ನೆ. ಹೊಟ್ಟೆ ಮೆತ್ತಗಿದ್ದು, ಮೊಲ ಒಪ್ಪಿದರೆ, ಕೋಣೆಯಲ್ಲಿ ನಾಲ್ಕು ಹೆಜ್ಜೆ ಓಡಾಡಲು ಬಿಡುವುದೂ ಕರುಳಿಗೆ ಒಳ್ಳೆಯದು.

ಗುಣವಾಗುವ ದಿನಗಳು

ಮೊದಲು ಬರುವ ಹಿಕ್ಕೆಗಳು ಸಣ್ಣಗೆ, ಒರಟಾಗಿ, ಆಕಾರಗೆಟ್ಟಿರುತ್ತವೆ. ಅದೂ ಸಂತೋಷದ ಸಂಗತಿಯೇ. ದಿನವೂ ಒಂದೇ ಹೊತ್ತಿಗೆ ಅಡುಗೆಮನೆಯ ತಕ್ಕಡಿಯಲ್ಲಿ ತೂಕ ನೋಡಿ ಬರೆಯಿರಿ. ತಾನಾಗಿ ತಿನ್ನತೊಡಗಿದರೂ ತೂಕ ಇಳಿಯುತ್ತಿದ್ದರೆ ಗಂಜಿಯನ್ನು ನಿಲ್ಲಿಸುವ ಹೊತ್ತು ಬಂದಿಲ್ಲ. ಎರಡು ದಿನ ಉಣಿಸಿದರೂ ಹಿಕ್ಕೆ ಬಾರದಿದ್ದರೆ, ಮಧ್ಯೆ ಹೊಟ್ಟೆ ಬಿಗಿದರೆ, ಮೈ ತಣ್ಣಗಾಗುತ್ತಿದ್ದರೆ ಮತ್ತೆ ಆಸ್ಪತ್ರೆಗೆ ಹೋಗಬೇಕು. ಏನು ಮಾಡಿದರೂ ನೋವು ಇಳಿಯದ ಸ್ಥಿತಿಯಲ್ಲಿ ವೈದ್ಯರು ದಯಾಮರಣದ ಮಾತೆತ್ತಿದರೆ ಅದನ್ನು ಸಮಾಧಾನದಿಂದ ಕೇಳಿ.

ಚೇತರಿಸಿಕೊಂಡ ಮೊಲದ ಮೇವಿನಲ್ಲಿ ಬಹುಪಾಲು ಹುಲ್ಲೇ ಇರಬೇಕು. ನಮ್ಮಲ್ಲಿ ಗರಿಕೆ ಹೇರಳ. ಹೂವಿನ ಮಾರುಕಟ್ಟೆಯಿಂದ ತಂದದ್ದನ್ನು ತೊಳೆದು ನೆರಳಿನಲ್ಲಿ ಒಣಗಿಸಿಟ್ಟುಕೊಳ್ಳಬಹುದು. ಕುದುರೆ ಮಸಾಲೆ ಸೊಪ್ಪಿನಲ್ಲಿ ಸುಣ್ಣದ ಅಂಶ ಹೆಚ್ಚಿರುವುದರಿಂದ ಬೆಳೆದ ಮೊಲಕ್ಕೆ ಅದು ನಿತ್ಯದ ಮೇವಲ್ಲ. ಎಳೆಯ ಜೋಳದ ಚಿಗುರಿನಲ್ಲಿ ಸಯನೈಡ್ ಅಂಶವಿರುತ್ತದೆ. ಮಳೆಗಾಲದಲ್ಲಿ ಬೂಸಲು ಹಿಡಿದ ಶೇಂಗಾ ಹೊಟ್ಟು, ಹುಲ್ಲು ವಿಷವೇ ಸರಿ. ಚುರುಮುರಿ, ಬಿಸ್ಕಿಟು, ಹಬ್ಬದ ದಿನದ ಪೇಢೆಯ ಚೂರು ಮಕ್ಕಳ ಕೈಯಿಂದ ಗೂಡಿಗೆ ಸೇರುವುದನ್ನು ತಡೆಯುವುದು ಎಲ್ಲಕ್ಕಿಂತ ಕಷ್ಟದ ಕೆಲಸ. ನಮ್ಮ ಮನೆಯಲ್ಲಿ ಕೊನೆಗೆ ಗೂಡನ್ನೇ ಎತ್ತರಕ್ಕೇರಿಸಬೇಕಾಯಿತು.

ಕಾರಣ ಹಲ್ಲಿನದಾಗಿದ್ದರೆ ಒಂದು ಸಲದ ಚಿಕಿತ್ಸೆಗೆ ಮುಗಿಯುವುದಿಲ್ಲ. ಮೊಲದ 28 ಹಲ್ಲುಗಳೂ ಜೀವನಪೂರ್ತಿ ಬೆಳೆಯುತ್ತಲೇ ಇರುತ್ತವೆ, ತೇಯ್ದು ಸರಿಪಡಿಸಿದ ಚೂಪು ಅಂಚು ಕೆಲವೇ ವಾರಗಳಲ್ಲಿ ಮತ್ತೆ ಮೂಡಬಹುದು. ಆದ್ದರಿಂದ ಆಸ್ಪತ್ರೆಯಿಂದ ಹೊರಡುವ ಮುನ್ನವೇ, ಸುಮಾರು ಆರು ವಾರದೊಳಗೆ ಮುಂದಿನ ಹಲ್ಲಿನ ಪರೀಕ್ಷೆಯ ದಿನಾಂಕವನ್ನು ಗೊತ್ತುಮಾಡಿಕೊಂಡು ಬನ್ನಿ.