ಬಿವಿಎ ಪ್ರವೇಶ: ಅರ್ಜಿಗಿಂತ ಮೊದಲು ಕೈ ಪಳಗಲಿ

ಮೈಸೂರಿನ ಕಾವಾ ದೃಶ್ಯಕಲಾ ಕಾಲೇಜು, ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಂಥ ಕಡೆ ಬಿವಿಎ, ಅಂದರೆ ದೃಶ್ಯಕಲೆಯ ಪದವಿ, 4 ವರ್ಷದ್ದು. ಪಿಯುಸಿಯಲ್ಲಿ ವಿಜ್ಞಾನ, ವಾಣಿಜ್ಯ, ಕಲೆ ಯಾವುದಿದ್ದರೂ ನಡೆಯುತ್ತದೆ, ತೂಕವಿರುವುದು ರೇಖೆಗೆ.

ಪೋರ್ಟ್‌ಫೋಲಿಯೊಗೆ, ಅಂದರೆ ಪ್ರವೇಶಕ್ಕೆ ತೋರಿಸುವ ನಿಮ್ಮ ಚಿತ್ರಗಳ ಕಟ್ಟಿಗೆ, 12–15 ಚಿತ್ರ ಸಾಕು. ಫೋಟೊ ಮೇಲೆ ಚೌಕಳಿ ಎಳೆದು ನಕಲಿಸಿದ ಸಿನಿಮಾ ನಟರ ಮುಖ ಬೇಡವೇ ಬೇಡ. ಸಂತೆ, ಬಸ್ ನಿಲ್ದಾಣದಲ್ಲಿ ಕೂತು ಗೀಚಿದ ಸ್ಕೆಚ್‌ಪುಸ್ತಕ ಅದಕ್ಕಿಂತ ಮೇಲು.

ಪ್ರವೇಶ ಪರೀಕ್ಷೆಯ ಅಭ್ಯಾಸಕ್ಕೆ ಚೊಂಬು, ಮಡಿಕೆಬಿದ್ದ ಬಟ್ಟೆ, ಎರಡು ಈರುಳ್ಳಿ ಇಡಿ. ಬೆಳಕು ಒಂದೇ ಕಡೆಯಿಂದ ಬರಲಿ. 2 ಗಂಟೆಯಲ್ಲಿ ಮೊದಲ 15 ನಿಮಿಷ ಎಚ್‌ಬಿ ಪೆನ್ಸಿಲಿನಲ್ಲಿ ತೆಳುವಾಗಿ ಅಳತೆ ಮಾತ್ರ. ಈ ಹಂತ ಬಿಟ್ಟು ಮೂಲೆಯಿಂದ ಶೇಡಿಂಗ್ ಶುರುಮಾಡಿದವರ ಚೊಂಬು ಹಾಳೆಯಾಚೆ ಓಡುತ್ತದೆ! ಮೇಲಿನಿಂದ ನೋಡುವಾಗ ಬಾಯಿಗಿಂತ ತಳದ ವೃತ್ತ ಹೆಚ್ಚು ದುಂಡಗೆ ಕಾಣಬೇಕು. ತಳವನ್ನು ನೇರಗೆರೆ ಎಳೆದರೆ ಚೊಂಬು ಕೂರುವುದಿಲ್ಲ. ಗಾಢ ನೆರಳಿಗೆ ಮೆತ್ತನೆಯ 6ಬಿ ಪೆನ್ಸಿಲ್; ಬೆರಳಿನಿಂದ ಉಜ್ಜಬೇಡಿ, ಕೊಳೆಯಾಗುತ್ತದೆ.